ಇಳಿಗಾಲದ ಅಡ್ಡಾ: ಈಸ್ಟ್ ಬೆಂಗಾಲ್ ಹಳಹಳಿಕೆಯ ರಸಿಕರಿಗೊಂದು ಕೈಪಿಡಿ

ಕೋಲ್ಕತ್ತದ ಫುಟ್‌ಬಾಲ್ ನೋಡುವುದನ್ನು ಬೇಗ ಕಲಿಯಬಹುದು. ಅದರ ಬಗ್ಗೆ ಅಲ್ಲಿನವರು ಆಡುವ ಮಾತನ್ನು ಕೇಳುವುದು ಕಲಿಯಲು ತಾಳ್ಮೆ ಬೇಕು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ನಾಲ್ಕು ಮಂದಿ ಚಹಾದಂಗಡಿಯಲ್ಲಿ ಅಡ್ಡಾ, ಅಂದರೆ ಹರಟೆಕೂಟ, ಹೂಡಿ ಹಳೆಯ ಕಾಲದ ಸುದ್ದಿ ತೆಗೆದರೆ, ಪಕ್ಕದಲ್ಲಿ ಕೂತ ಹೊಸಬನಿಗೆ ಅದು ಬರೀ ಗೊಣಗಾಟ ಅನಿಸುತ್ತದೆ. ಗೊಣಗಾಟವೇ ಹೌದು, ಆದರೆ ತಲೆಮಾರುಗಳಿಂದ ಪಳಗಿ ಬಂದದ್ದು. ಅದಕ್ಕೆ ಅದರದೇ ಪ್ರಸಂಗಗಳಿವೆ, ಪಾತ್ರಗಳಿವೆ, ಪಟ್ಟುಗಳಿವೆ. ತಾಳಮದ್ದಳೆಗೆ ಹೋಗುವವನಿಗೆ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತು. ಇವತ್ತಿನ ಅರ್ಥಧಾರಿ ಅವನ ಬಾಯಲ್ಲಿ ಏನೇನು ಆಡಿಸುತ್ತಾನೆಂದು ಕೇಳಲು ಹೋಗುತ್ತಾನೆ. ಇಲ್ಲಿಯೂ ಹಾಗೆಯೇ ಕೂತುಕೊಳ್ಳಿ. ಕ್ಲಬ್ ಇಳಿದಿದೆ, ಅದು ಎಲ್ಲರಿಗೂ ಗೊತ್ತು.

ಕಥೆಯ ಬುಡವನ್ನಷ್ಟು ತಿಳಿದಿರಿ. 1920ರಲ್ಲಿ ಮೋಹನ್ ಬಗಾನ್ ಎದುರಿನ ಪಂದ್ಯವೊಂದಕ್ಕೆ ಜೋಡಾಬಾಗಾನ್ ಕ್ಲಬ್ಬು ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟಿತು. ಅದನ್ನು ಸಹಿಸದ ಸುರೇಶ್ ಚಂದ್ರ ಚೌಧುರಿ ಹೊರಬಂದು, ಸ್ನೇಹಿತರ ಜೊತೆ ಆ ಆಗಸ್ಟ್ 1ರಂದು ಹೊಸ ಕ್ಲಬ್ ಕಟ್ಟಿದರು. ಪದ್ಮಾ ನದಿಯಾಚೆಯಿಂದ ಬಂದವರ ಕ್ಲಬ್ ಆದ್ದರಿಂದ ಈಸ್ಟ್ ಬೆಂಗಾಲ್ ಎಂಬ ಹೆಸರು. ಕೆಂಪು-ಹೊಂಬಣ್ಣದ ಅಂಗಿ, ಲಾಂಛನದಲ್ಲಿ ಪಂಜು. ದೇಶ ಇಬ್ಭಾಗವಾದ ಮೇಲೆ ಊರು, ಮನೆ, ಹೊಲ ಬಿಟ್ಟು ಬಂದ ಲಕ್ಷಾಂತರ ಜನರಿಗೆ ಆ ಹೆಸರೇ ಒಂದು ವಿಳಾಸವಾಯಿತು. ಅವರನ್ನು ಬಾಂಗಾಲ್ ಎನ್ನುತ್ತಾರೆ, ಮೂಲದವರನ್ನು ಘೋಟಿ. ಬಾಂಗಾಲರ ತಂಡ ಗೆದ್ದರೆ ಇಲಿಶ್ ಮೀನು, ಘೋಟಿಗಳ ಮೋಹನ್ ಬಗಾನ್ ಗೆದ್ದರೆ ಸಿಗಡಿ. ಮೀನಿನ ಈ ಭಾಗವನ್ನು ಪ್ರವಾಸಿ ಲೇಖನಗಳು ಬೇಕಾದಷ್ಟು ಹೇಳಿವೆ, ನಾವು ಮುಂದೆ ಹೋಗೋಣ.

ಮೊದಲು ಕಿವಿಗೊಡಬೇಕಾದದ್ದು ಒಂದು ಹೆಸರುಗಳ ಸರಕ್ಕೆ: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ. ಹಿರಿಯರು ಇದನ್ನು ಒಂದೇ ಉಸಿರಿಗೆ ಹೇಳುತ್ತಾರೆ, ಯಾವಾಗಲೂ ಇದೇ ಕ್ರಮದಲ್ಲಿ. ಮೈದಾನದಲ್ಲಿ ಬಲದಂಚಿನಿಂದ ಎಡದಂಚಿನವರೆಗೆ ಅವರು ನಿಲ್ಲುತ್ತಿದ್ದ ಕ್ರಮ ಅದು. ಐದು ಫಾರ್ವರ್ಡ್‌ಗಳ ಆಟದ ಕಾಲ, ಆದ್ದರಿಂದ ಐವರು. ಆದ್ದರಿಂದಲೇ ‘ಪಂಚ ಪಾಂಡವ’ ಎಂಬ ಬಿರುದು. 1949ರಲ್ಲಿ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಈ ಕ್ಲಬ್ಬಿಗೆ ಬಂದವು. ಶೀಲ್ಡ್ ಅಂತೂ 1951ರವರೆಗೆ ಸತತ ಮೂರು ವರ್ಷ. ಹಳಹಳಿಕೆಯಲ್ಲಿ ಯಾರಾದರೂ ಈ ಸರದ ಹೆಸರುಗಳನ್ನು ಹಿಂದುಮುಂದು ಮಾಡಿದರೆ, ಕೇಳಿಸಿಕೊಂಡು ಕಲಿತವರು, ಕಂಡವರಿಂದ ಕಲಿತವರಲ್ಲ ಎಂದು ತಿಳಿಯಿರಿ.

ಈ ಐವರಲ್ಲಿ ಒಬ್ಬರೂ ಪೂರ್ವ ಬಂಗಾಳದವರಲ್ಲ, ಬಂಗಾಳಿಗಳೇ ಅಲ್ಲ. ಎಲ್ಲರೂ ದಕ್ಷಿಣದವರು. ಸಾಲೆ ಕೇರಳದವರು, ಅಪ್ಪಾರಾವ್ ಆಂಧ್ರದವರು, ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಮನೆ ಕಳೆದುಕೊಂಡು ಬಂದ ಜನ, ತಮ್ಮ ಊರಿನ ಹೆಸರಿಟ್ಟುಕೊಂಡ ಕ್ಲಬ್ಬಿಗಾಗಿ, ಆ ಊರನ್ನು ಕಂಡೇ ಇರದ ಐವರನ್ನು ತಮ್ಮವರೆಂದು ಹೊತ್ತು ಕುಣಿದರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಮುಂದೆ ಯಾರಾದರೂ ‘ಈಗಿನವರು ಹೊರಗಿನವರು, ದುಡ್ಡಿಗೆ ಬಂದವರು’ ಎಂದು ರಾಗ ಎಳೆದಾಗ ಆ ಮಾತಿನ ಟೊಳ್ಳು ನಿಮಗೆ ಕೇಳಿಸುತ್ತದೆ.

ಅಹ್ಮದ್ ಖಾನ್ ಬಗ್ಗೆ ನಾವು ಕನ್ನಡಿಗರು ಸ್ವಲ್ಪ ಹೆಚ್ಚು ತಿಳಿದಿರಬೇಕಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 1–2ರಿಂದ ಸೋತ ತಂಡದಲ್ಲಿ ಅವರಿದ್ದರು. ಅವತ್ತು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10 ಗೋಲು ಜಡಿದಾಗ ನಮ್ಮ ಕಡೆಯ ಒಂದು ಗೋಲು ಅಹ್ಮದ್ ಅವರದು. ಅವರನ್ನು ಹಾವಾಡಿಗ ಎನ್ನುತ್ತಿದ್ದರು. ಚೆಂಡು ಕಾಲಿನ ಮುಂದೆ ಅಷ್ಟು ವಿಧೇಯವಾಗಿ ತಲೆಯಾಡಿಸುತ್ತಿತ್ತಂತೆ. ಹತ್ತು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿ, 2017ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಈ ಊರಿನ ಕ್ರಿಕೆಟಿಗರೊಬ್ಬರಿಗೆ ಅಷ್ಟೇ ಹೆಸರಿದ್ದಿದ್ದರೆ ಒಂದು ವೃತ್ತವಾದರೂ ಅವರ ಹೆಸರು ಹೊತ್ತಿರುತ್ತಿತ್ತು. ಇರಲಿ.

ಎರಡನೆಯ ಪಾಠ: ಇಳಿತ ಯಾವಾಗ ಶುರುವಾಯಿತು ಎಂದು ಕೇಳಿ, ಉತ್ತರದಲ್ಲಿ ಬರುವ ಇಸವಿಯನ್ನು ಗಮನಿಸಿ. ಪಾಂಡವರು ಚದುರಿದ ಮೇಲೆ ಎಲ್ಲ ಮುಗಿಯಿತು ಎನ್ನುವವರ ತಲೆಮಾರು ಈಗ ಹೆಚ್ಚು ಉಳಿದಿಲ್ಲ. ಎಪ್ಪತ್ತರ ದಶಕದವರು ಗಟ್ಟಿ ಗಂಟಲಿನವರು. ಅವರ ಬತ್ತಳಿಕೆ ತುಂಬಿದೆ: 1970ರಲ್ಲಿ ಇರಾನಿನ ಪಾಸ್ ಟೆಹರಾನ್ ತಂಡವನ್ನು ಶೀಲ್ಡ್ ಫೈನಲ್‌ನಲ್ಲಿ ಸೋಲಿಸಿದ ಪರಿಮಳ್ ಡೇ ಅವರ ಗೋಲು, ಆ ವರ್ಷದಿಂದ 1975ರವರೆಗೆ ಸತತ ಆರು ಲೀಗ್, ಮತ್ತು 1975ರ ಸೆಪ್ಟೆಂಬರ್ 30. ಆ ದಿನ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5, ಮೋಹನ್ ಬಗಾನ್ 0. ಕೋಚ್ ಪಿ.ಕೆ. ಬ್ಯಾನರ್ಜಿ. ಶ್ಯಾಮ್ ಥಾಪಾ ಎರಡು ಗೋಲು, ಸುರಜಿತ್ ಸೇನ್‌ಗುಪ್ತ, ರಂಜಿತ್ ಮುಖರ್ಜಿ, ಶುಭಂಕರ್ ಸನ್ಯಾಲ್ ಒಂದೊಂದು. ಅವತ್ತು ಗ್ಯಾಲರಿಯಲ್ಲಿದ್ದೆ ಎಂದು ಇವತ್ತು ಹೇಳುವವರನ್ನೆಲ್ಲ ಕೂಡಿಸಿದರೆ ಮೂರು ಮೈದಾನ ತುಂಬಬಹುದು. ಸಾಕ್ಷಿ ಕೇಳಬೇಡಿ, ಅದು ರಸಿಕರ ಲಕ್ಷಣವಲ್ಲ. ಬದಲಿಗೆ ಮೂರನೆಯ ಗೋಲು ಹೇಗಾಯಿತು ಎಂದು ಕೇಳಿ. ಕಂಡವನೋ, ಕಂಡವನಷ್ಟೇ ಪ್ರೀತಿಯಿಂದ ಕೇಳಿಸಿಕೊಂಡವನೋ ಆದರೆ, ಮೇಜಿನ ಮೇಲಿನ ಲೋಟಗಳನ್ನು ಸರಿಸಿ ತೋರಿಸಲು ಶುರುಮಾಡುತ್ತಾನೆ.

ಆ ಸೋಲಿನ ದುಃಖ ತಾಳದೆ ಎದುರು ಪಾಳಯದ ಅಭಿಮಾನಿಯೊಬ್ಬ ಪ್ರಾಣ ಬಿಟ್ಟ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ಗಲಭೆ, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಒಳ್ಳೆಯ ಮಾತುಗಾರರು ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ. ಅದನ್ನೂ ಶೌರ್ಯದ ಕಥೆ ಮಾಡುವವನ ಪಕ್ಕದಿಂದ ಎದ್ದು ಬನ್ನಿ.

ಮೂರನೆಯ ಪಾಠ ಇಡೀ ಕಲೆಯ ಜೀವ, ಮತ್ತು ಅದಕ್ಕೆ ಮಜೀದ್ ಬಿಶ್ಕರ್ ಬೇಕು. 1978ರ ವಿಶ್ವಕಪ್‌ಗೆ ಹೋದ ಇರಾನ್ ತಂಡದಲ್ಲಿದ್ದ ಮಜೀದ್, ಓದಿನ ನೆಪದಲ್ಲಿ ಅಲಿಗಢಕ್ಕೆ ಬಂದು, ಗೆಳೆಯ ಜಂಶೀದ್ ನಾಸಿರಿಯ ಜೊತೆ 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಹೆಸರಾಂತ ಆಟಗಾರರು ಸಾಲಾಗಿ ಬಿಟ್ಟುಹೋಗಿ ತಂಡ ಬರಿದಾಗಿದ್ದ ವರ್ಷ ಅದು. ಮಜೀದ್ ಇಲ್ಲಿ ಆಡಿದ್ದು ಎರಡೇ ಸೀಸನ್; ಆಮೇಲೆ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಹೋದರು, ಆಟವೂ ಕುಸಿಯಿತು, ಕೊನೆಗೆ ಇರಾನಿಗೆ ಮರಳಿದರು. ಆದರೂ 2019ರಲ್ಲಿ ಕ್ಲಬ್ಬಿನ ಶತಮಾನೋತ್ಸವದ ಆರಂಭಕ್ಕೆ ಅವರು ಮತ್ತೆ ಬಂದಾಗ, ನಡುರಾತ್ರಿ ಕಳೆದ ಮೇಲೂ ವಿಮಾನ ನಿಲ್ದಾಣದಲ್ಲಿ ಜನ ಕಾದಿದ್ದರು. ಅವರಲ್ಲಿ ಎಷ್ಟೋ ಹುಡುಗರು ಮಜೀದ್ ಆಡುತ್ತಿದ್ದಾಗ ಹುಟ್ಟಿಯೇ ಇರಲಿಲ್ಲ.

ಎಷ್ಟು ವರ್ಷ ಇದ್ದ, ಎಷ್ಟು ಕಪ್ ತಂದ ಎಂಬ ಲೆಕ್ಕ ಮಜೀದ್ ಮುಂದೆ ಕೆಲಸಕ್ಕೆ ಬರುವುದಿಲ್ಲ. ಅಹ್ಮದ್ ಖಾನ್‌ರ ಹತ್ತು ವರ್ಷ, ಮಜೀದರ ಎರಡು ವರ್ಷ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಇಬ್ಬರನ್ನೂ ಜನ ಹತ್ತಿರದಿಂದ ಕಂಡಿದ್ದರು ಎಂಬುದೇ ಇದಕ್ಕೆ ಕಾರಣ ಎಂದು ನನ್ನ ಎಣಿಕೆ. ಕೋಲ್ಕತ್ತದ ಮೈದಾನ್ ಬಯಲಿನ ಕ್ಲಬ್ ಅಂಗಳದಲ್ಲಿ ಗ್ಯಾಲರಿಗೂ ಆಟಗಾರನಿಗೂ ನಡುವೆ ಕೆಲವೇ ಮಾರು ದೂರ. ಅಭ್ಯಾಸಕ್ಕೂ ಜನ ಬರುತ್ತಿದ್ದರು, ಆಟಗಾರ ಬೆವರು ಒರೆಸಿಕೊಳ್ಳುವ ರೀತಿಯೂ ಅವರಿಗೆ ಬಾಯಿಪಾಠ. ಹಳಹಳಿಕೆಗೆ ಕಚ್ಚಾವಸ್ತು ಇದು.

1997ರ ಜುಲೈ 13ನ್ನು ಯಾರೂ ಬಿಡುವುದಿಲ್ಲ. ಫೆಡರೇಷನ್ ಕಪ್ ಸೆಮಿಫೈನಲ್, ಸಾಲ್ಟ್ ಲೇಕ್ ಕ್ರೀಡಾಂಗಣ, 1,31,781 ಪ್ರೇಕ್ಷಕರು. ಮೋಹನ್ ಬಗಾನ್‌ನ ಅಮಲ್ ದತ್ತ ತಮ್ಮ ‘ಡೈಮಂಡ್’ ವ್ಯೂಹದ ಬಗ್ಗೆ ಕೊಚ್ಚಿಕೊಂಡು, ಎದುರಾಳಿಗಳ ಹೆಸರನ್ನು ಗೇಲಿ ಮಾಡಿದ್ದರು. ಸಿಕ್ಕಿಂನ ಭೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು 4–1ರಲ್ಲಿ ಲೆಕ್ಕ ಚುಕ್ತಾ ಮಾಡಿದರು. ಮತ್ತೆ ಹೊರಗಿನವನೇ, ಗಮನಿಸಿ. 2003ರಲ್ಲಿ ಸುಭಾಷ್ ಭೌಮಿಕ್ ಅವರ ತಂಡ ಜಕಾರ್ತದಲ್ಲಿ ಥಾಯ್ಲೆಂಡಿನ ಬಿಇಸಿ ತೆರೋ ಸಾಸನವನ್ನು 3–1ರಿಂದ ಸೋಲಿಸಿ ಆಸಿಯಾನ್ ಕಪ್ ತಂದಿತು. ಮರುವರ್ಷ ರಾಷ್ಟ್ರೀಯ ಲೀಗ್ ಗೆದ್ದದ್ದೇ ಕೊನೆ. ನಲವತ್ತರ ಆಸುಪಾಸಿನವರ ‘ಆ ಕಾಲ’ ಇಲ್ಲಿಗೆ ನಿಲ್ಲುತ್ತದೆ. 2018–19ರಲ್ಲಿ ಚೆನ್ನೈ ಸಿಟಿಗಿಂತ ಒಂದೇ ಅಂಕ ಕಡಿಮೆಯಾಗಿ ಐ-ಲೀಗ್ ತಪ್ಪಿದ್ದನ್ನು ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ.

ಇನ್ನು ರಸಭಂಗದ ಜಾಗ. ಮಾತು ಹೂಡಿಕೆದಾರರತ್ತ ತಿರುಗಿದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. 2018ರಲ್ಲಿ ಬೆಂಗಳೂರಿನ ಕ್ವೆಸ್ ಕಂಪನಿ ಶೇಕಡಾ 70 ಪಾಲು ಹಿಡಿದು ಬಂತು, 2020ರಲ್ಲಿ ಹೊರಟಿತು. ಶ್ರೀ ಸಿಮೆಂಟ್ ಬಂತು, ಹೋಯಿತು. 2022ರಲ್ಲಿ ಇಮಾಮಿ ಬಂತು. ನಡುವೆ 2021ರ ಜುಲೈನಲ್ಲಿ, ಒಪ್ಪಂದಕ್ಕೆ ಸಹಿ ಹಾಕುವ ವಿಚಾರಕ್ಕೆ ಅಭಿಮಾನಿಗಳು ಕ್ಲಬ್ ಟೆಂಟ್ ಎದುರು ಸೇರಿದಾಗ ಪೊಲೀಸರು ಲಾಠಿ ಬೀಸಿದರು. ಪ್ರತಿಯೊಬ್ಬನಿಗೂ ತನ್ನದೇ ಖಳನಾಯಕ: ಒಬ್ಬನಿಗೆ ಕಂಪನಿ, ಇನ್ನೊಬ್ಬನಿಗೆ ದಶಕಗಳಿಂದ ಕುರ್ಚಿ ಬಿಡದ ಪದಾಧಿಕಾರಿಗಳು. ಎರಡರಲ್ಲೂ ಹುರುಳಿದೆ. ಆದರೆ ಈ ವಾದದಲ್ಲಿ ಚೆಂಡು ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಚೆಂಡು ಇಲ್ಲದ ಹಳಹಳಿಕೆಯನ್ನು ವಕೀಲರಿಗೆ ಬಿಡಿ.

ನಿಜವಾದ ಇಳಿತದ ಮಾತು ಕೇಳಬೇಕಿದ್ದರೆ ಗೋವಾ ಎನ್ನಿ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕ್ಲಬ್ಬಿನ ಮೊದಲ ಎರಡು ಸೀಸನ್‌ಗಳು ಕೋವಿಡ್ ಕಾಲದವು. ಪಂದ್ಯಗಳೆಲ್ಲ ಗೋವಾದಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ. ಮೊದಲ ವರ್ಷ ಹನ್ನೊಂದು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಎರಡನೆಯ ವರ್ಷ ಕಟ್ಟಕಡೆಯದು, 20 ಪಂದ್ಯಗಳಲ್ಲಿ ಒಂದೇ ಗೆಲುವು. ನೂರು ವರ್ಷದ ಕ್ಲಬ್ ತನ್ನ ಅತಿ ಕೆಟ್ಟ ದಿನಗಳನ್ನು ತನ್ನವರು ಒಬ್ಬರೂ ಇಲ್ಲದ ಗ್ಯಾಲರಿಯ ಮುಂದೆ ಕಳೆಯಿತು. 2021ರ ಜನವರಿಯಲ್ಲಿ ಬ್ರೈಟ್ ಎನೊಬಖಾರೆ ಎಂಬ ನೈಜೀರಿಯಾದ ಹುಡುಗ ಎಫ್‌ಸಿ ಗೋವಾದ ರಕ್ಷಣೆಯನ್ನು ಒಬ್ಬರಾದ ಮೇಲೊಬ್ಬರಂತೆ ದಾಟಿ, ಗೋಲ್‌ಕೀಪರನನ್ನೂ ದಾಟಿ ಒಂದು ಗೋಲು ಹೊಡೆದ. ಸಾಲ್ಟ್ ಲೇಕ್‌ನಲ್ಲಿ ಆಗಿದ್ದರೆ ಅದು ಮಜೀದರ ಪಕ್ಕದಲ್ಲಿ ಕೂರುವ ಗೋಲು. ಈಗ ಅದನ್ನು ಹೇಳುವಾಗ ಲೋಟ ಸರಿಸುವವರಿಲ್ಲ, ಜೇಬಿನಿಂದ ಫೋನ್ ತೆಗೆದು ತೋರಿಸುತ್ತಾರೆ. ಗೋಲು ಅದೇ, ಆದರೆ ‘ನಾನಿದ್ದೆ’ ಎಂದು ಸುಳ್ಳು ಹೇಳಲೂ ಯಾರಿಗೂ ಅವಕಾಶವಿಲ್ಲ. ಸೋಲುಗಳಿಗಿಂತ ಹೆಚ್ಚಾಗಿ ಇದು ಅವರನ್ನು ಕಾಡುತ್ತದೆ ಎಂಬುದು ನಾನು ಕೇಳಿಸಿಕೊಂಡ ಮಟ್ಟಿಗೆ ನಿಜ.

ಅದಕ್ಕೆ ತುಸು ಮುಂಚೆ, 2020ರ ಜನವರಿಯಲ್ಲಿ ಮೋಹನ್ ಬಗಾನ್ ಎದುರಿನ ಡರ್ಬಿಯಲ್ಲಿ, ಪೌರತ್ವದ ಕಾಗದಗಳ ಚರ್ಚೆ ದೇಶದಲ್ಲಿ ಕಾವೇರಿದ್ದಾಗ, ಈಸ್ಟ್ ಬೆಂಗಾಲ್ ಗ್ಯಾಲರಿ ಒಂದು ದೊಡ್ಡ ಬ್ಯಾನರ್ ಬಿಡಿಸಿತ್ತು: ಈ ನೆಲವನ್ನು ರಕ್ತ ಕೊಟ್ಟು ಪಡೆದಿದ್ದೇವೆ, ಕಾಗದ ತೋರಿಸಿ ಪಡೆದಿಲ್ಲ ಎಂಬ ಅರ್ಥದ್ದು. ಪಂದ್ಯ 1–2ರಿಂದ ಸೋತರು. ಅವತ್ತಿನ ಮಾತು ತೆಗೆದರೆ ಸ್ಕೋರ್ ನೆನಪಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಬ್ಯಾನರ್ ತಕ್ಷಣ ನೆನಪಾಗುತ್ತದೆ.

ಇನ್ನೊಂದು ಪರೀಕ್ಷೆ: ಎದುರಾಳಿಯನ್ನು ಹೊಗಳುತ್ತಾರೋ ನೋಡಿ. ಚುನಿ ಗೋಸ್ವಾಮಿ ಹುಟ್ಟಿದ್ದು ಪೂರ್ವ ಬಂಗಾಳದ ಕಿಶೋರ್‌ಗಂಜ್‌ನಲ್ಲಿ. ಆಡಿದ್ದು ಜೀವಮಾನವಿಡೀ ಮೋಹನ್ ಬಗಾನ್‌ಗೆ. ಅವರ ಹೆಸರು ಬಂದಾಗ ನಿಟ್ಟುಸಿರು ಬಿಟ್ಟು ಮೆಚ್ಚುವವನು ಪಳಗಿದ ಕೈ.

ಅಭ್ಯಾಸಕ್ಕೆ ಕೋಲ್ಕತ್ತದವರೆಗೆ ಹೋಗಬೇಕೆಂದಿಲ್ಲ. ಈಸ್ಟ್ ಬೆಂಗಾಲ್ ಬೆಂಗಳೂರಿಗೆ ಬಂದಾಗ ಕಂಠೀರವದಲ್ಲಿ ಕೆಂಪು-ಹೊಂಬಣ್ಣದ ಗುಂಪಿನ ಹತ್ತಿರ ಟಿಕೆಟ್ ತೆಗೆದುಕೊಳ್ಳಿ. 2018ರ ಸೂಪರ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ 4–1ರಿಂದ ಹೊಡೆದದ್ದನ್ನು ನೀವಾಗಿ ಎತ್ತಬೇಡಿ. ಅವರೇ ಎತ್ತುತ್ತಾರೆ, ಅವತ್ತು ಎರಡು ಗೋಲು ಹೊಡೆದ ಸುನಿಲ್ ಚೆಟ್ರಿ ಒಂದು ಕಾಲಕ್ಕೆ ತಮ್ಮ ಅಂಗಿ ತೊಟ್ಟವರೆಂದೂ ಸೇರಿಸುತ್ತಾರೆ. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ಎದುರು 3–2ರಲ್ಲಿ ಸೂಪರ್ ಕಪ್ ಗೆದ್ದಾಗ, ಅವರ ಕೋಚ್ ಬೆಂಗಳೂರಿಗೆ ಲೀಗ್ ಗೆದ್ದುಕೊಟ್ಟಿದ್ದ ಕಾರ್ಲೆಸ್ ಕ್ವಾದ್ರಾತ್. ಹನ್ನೆರಡು ವರ್ಷಗಳ ಬಳಿಕ ರಾಷ್ಟ್ರಮಟ್ಟದ ಕಪ್. ಕೆಲವು ತಿಂಗಳು ಅಡ್ಡಾಗಳಲ್ಲಿ ಹೇಳಲು ಏನೂ ಇರಲಿಲ್ಲವಂತೆ. ಸೆಪ್ಟೆಂಬರ್‌ನಲ್ಲಿ ಹೊಸ ಲೀಗ್ ಶುರುವಾಯಿತು, ಸತತ ಆರು ಸೋಲು, ಮೂರನೆಯದಕ್ಕೇ ಕ್ವಾದ್ರಾತ್ ಹೊರಟರು, ಎಲ್ಲರಿಗೂ ದನಿ ಮರಳಿತು. ಆ ಆರರಲ್ಲಿ ಮೊದಲನೆಯದು ಕಂಠೀರವದಲ್ಲೇ, 0–1. ಗೋಲು ಹೊಡೆದ ಬೆಂಗಳೂರಿನ ಹುಡುಗನ ಹೆಸರು ವಿನೀತ್ ವೆಂಕಟೇಶ್. ಪಕ್ಕದ ಸೀಟಿನ ಹಿರಿಯರಿಗೆ ಆ ಎರಡನೆಯ ಹೆಸರನ್ನು ಸುಮ್ಮನೆ ನೆನಪಿಸಿ ನೋಡಿ. ಉಳಿದ ನಾಲ್ಕನ್ನು ಅವರು ಕ್ರಮ ತಪ್ಪದೆ ಹೇಳಿ ಮುಗಿಸುತ್ತಾರೆ.