ಅಳೆಯುವುದಕ್ಕೂ ಒಂದು ಹದವಿದೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪರೀಕ್ಷೆ ಬೇಕೇ ಬೇಡವೇ ಎಂದು ನಮ್ಮಲ್ಲಿ ಬೇಕಾದಷ್ಟು ವಾದ ನಡೆದಿದೆ. ಯಾವಾಗ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಕರ್ನಾಟಕದ ಶಾಲಾ ವೇಳಾಪಟ್ಟಿಯಲ್ಲಿ ವಿವೇಕವಿಲ್ಲವೆಂದಲ್ಲ. ವರ್ಷದ ಆರಂಭಕ್ಕೇ ಸೇತುಬಂಧವಿದೆ: ಪೂರ್ವ ಪರೀಕ್ಷೆ, ಬಾರದ್ದರ ಮರುಕಲಿಕೆ, ಬಳಿಕ ಸಾಫಲ್ಯ ಪರೀಕ್ಷೆ. ಮುಂದೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮಗು ದಶಕ ತೆಗೆದು ಕಳೆಯಲು ತಡವರಿಸುವುದು ಮೊದಲ ಸಂಕಲನಾತ್ಮಕದಲ್ಲಿ ಗೊತ್ತಾದರೂ ತಿದ್ದಲು ಅರ್ಧ ವರ್ಷ ಕೈಯಲ್ಲಿರುತ್ತದೆ.

ನಲಿ-ಕಲಿಯದು ಇನ್ನೂ ಸೂಕ್ಷ್ಮವಾದ ದಾರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ಈ ಪದ್ಧತಿಯಲ್ಲಿ ಪರೀಕ್ಷೆಯ ದಿನವನ್ನು ಮಗುವೇ ಗೊತ್ತುಮಾಡುತ್ತದೆ. ಕಲಿಕಾ ಏಣಿಯ ಒಂದು ಹಂತ ಕಲಿತಾಗ ಅದರ ಮೌಲ್ಯಮಾಪನ. ಬಾರದಿದ್ದರೆ ಇನ್ನಷ್ಟು ಅಭ್ಯಾಸ. ಜ್ವರ ಬಂದು ವಾರ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಆರೇಳು ವರ್ಷದವರಿಗೆ ಇದಕ್ಕಿಂತ ಹಿತವಾದ ಏರ್ಪಾಡನ್ನು ನಾನು ಕಾಣೆ.

ತೊಡಕು ಆಚರಣೆಯಲ್ಲಿದೆ. ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿ ನೋಡುವ ಶಾಲೆಯಲ್ಲಿ ಪರೀಕ್ಷೆ ಮುಗಿದೊಡನೆ ಅಂಕ ತುಂಬುವ ಅವಸರ ಏಳುತ್ತದೆ. ಮರುಕಲಿಕೆಯ ಹೊತ್ತು ಅದರಲ್ಲೇ ಕರಗುತ್ತದೆ.

5, 8ನೇ ತರಗತಿಗಳ ರಾಜ್ಯಮಟ್ಟದ ಪರೀಕ್ಷೆಯಲ್ಲಂತೂ ಕಾಲದ ಲೆಕ್ಕವೇ ತಪ್ಪಿತು. 2024ರಲ್ಲಿ ಅದು ಮಾರ್ಚ್ 11ಕ್ಕೆ ಶುರುವಾಯಿತು, ಸುಪ್ರೀಂ ಕೋರ್ಟಿನ ಆದೇಶದಿಂದ ಮರುದಿನವೇ ನಿಂತಿತು, ಹೈಕೋರ್ಟ್ ಒಪ್ಪಿದ ಮೇಲೆ ತಿಂಗಳ ಕೊನೆಗೆ ಮುಗಿಯಿತು. ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ ಬಿತ್ತು. ಹತ್ತು ವರ್ಷದ ಮಗು ಅಷ್ಟು ದಿನ ಓದಿದ್ದನ್ನೇ ಓದುತ್ತ ಕಾಯಿತು. ಕೋರ್ಟಿನ ಮಾತು ಬಿಟ್ಟರೂ ಮಾರ್ಚ್ ತಡವೇ. ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ. ಕೊರತೆ ಕಂಡ ಮೇಷ್ಟ್ರ ಕೈಯಲ್ಲಿ ಆಗ ಮಗು ಇರುವುದಿಲ್ಲ. ಮಗುವನ್ನು ಸೇರಿಸಿಕೊಂಡ ಮೇಷ್ಟ್ರಿಗೆ ಕೊರತೆ ತಿಳಿದಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ, ವ್ಯಾಪಕ ಮೌಲ್ಯಮಾಪನವನ್ನು ಕೇಳಿದ್ದರ ಅರ್ಥ ಇಲ್ಲಿ ಹೊಳೆಯುತ್ತದೆ.

ರೈತ ಮಣ್ಣಿನ ಹದ ನೋಡುವುದು ಬಿತ್ತುವ ಮೊದಲು. ರಾಜ್ಯಕ್ಕೆಲ್ಲ ಒಂದೇ ಪತ್ರಿಕೆ ಬೇಕೇ ಬೇಕೆಂದರೆ ಅದನ್ನು ಜೂನ್‌ಗೆ ತನ್ನಿ; ಅದಾದ ಎರಡು ವಾರ ಶಿಕ್ಷಕರಿಂದ ಯಾವ ಮಾಹಿತಿಯನ್ನೂ ಕೇಳಬೇಡಿ. ಉತ್ತರ ತಿದ್ದಿದ ಮೇಷ್ಟ್ರು ಮರುದಿನ ಅದೇ ಮಗುವಿನ ಪಕ್ಕ ಕೂತು ಕಲಿಸುವಂತಾಗಲಿ.