ಛಾವಣಿಯಿಲ್ಲದ ಗುಡಿ: ದೇವನೂರ ಮಹಾದೇವರ ಚಿಂತನಗದ್ಯದಲ್ಲಿ ಜನಪದ ಕಥನದ ನೆಲೆ

ಸಾಹಿತ್ಯ, ಬರವಣಿಗೆ ಹಾಗೂ ದಿನನಿತ್ಯದ ಬದುಕನ್ನು ಕುರಿತು ಕಾದಂಬರಿಕಾರರು ಬರೆದ ಗದ್ಯವನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ಅವರ ಕಾದಂಬರಿಗಳ ಅಡಿಟಿಪ್ಪಣಿಯಾಗಿಯೇ ಓದಿಕೊಂಡು ಬಂದಿದೆ. ದೇವನೂರ ಮಹಾದೇವರ ‘ಎದೆಗೆ ಬಿದ್ದ ಅಕ್ಷರ’ (2012) ಈ ಓದಿಗೆ ಒಗ್ಗುವ ಕೃತಿಯಲ್ಲ. ‘ದ್ಯಾವನೂರು’, ‘ಒಡಲಾಳ’, ‘ಕುಸುಮಬಾಲೆ’ಗಳ ಮೂಲಕ ಮಿತವಾಗಿ ಬರೆದೂ ದಟ್ಟ ಪ್ರಭಾವ ಬೀರಿದ ಲೇಖಕರ ಬರಹ, ಭಾಷಣಗಳ ಸಂಕಲನವಿದು. ಇಲ್ಲಿ ಜನಪದ ಕಥನವು ವಿಚಾರಕ್ಕೆ ತೊಡಿಸಿದ ಅಲಂಕಾರವಲ್ಲ. ವಿಚಾರ ಮಾಡುವ ಕ್ರಮವೇ ಅದಾಗಿದೆ. ಈ ಕ್ರಮದ ಶಕ್ತಿಯನ್ನೂ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಕಲನದ ಹೆಸರಿನಲ್ಲಿಯೇ ಈ ಕ್ರಮದ ಸುಳಿವಿದೆ. ಅಕ್ಷರವನ್ನು ಬೀಜಕ್ಕೂ ಎದೆಯನ್ನು ನೆಲಕ್ಕೂ ಸಮೀಕರಿಸುವ ಈ ಗ್ರಹಿಕೆ ಬೇಸಾಯದ ಅನುಭವದಿಂದ ಬಂದದ್ದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟು ಕೃಷಿಗೆ ಮರಳಿದ ಲೇಖಕರಿಗೆ ಬಿತ್ತನೆ ಕೇವಲ ರೂಪಕವಲ್ಲ. ಬಿತ್ತಿದವನು ಮಳೆಗಾಗಿ ಕಾಯಬೇಕು, ಬಿತ್ತಿದ್ದೆಲ್ಲ ಮೊಳೆಯುವುದಿಲ್ಲ. ಶತಮಾನಗಳ ಕಾಲ ಅಕ್ಷರದಿಂದ ಹೊರಗಿಡಲ್ಪಟ್ಟ ಸಮುದಾಯದಿಂದ ಬಂದವರು ಅಕ್ಷರವನ್ನು ಪುಸ್ತಕದಲ್ಲಿಡದೆ ಎದೆಯಲ್ಲಿ ಇಡುತ್ತಾರೆ ಎಂಬುದು ಗಮನಾರ್ಹ. ಮೌಖಿಕ ಪರಂಪರೆಯಲ್ಲಿ ಕಾವ್ಯದ ಭಂಡಾರವಿದ್ದದ್ದೂ ಅಲ್ಲಿಯೇ.

ಸಂಕಲನದಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಕವಿ ಸಿದ್ದಲಿಂಗಯ್ಯನವರು ಹೇಳಿದ್ದೆಂದು ಲೇಖಕರು ನಿರೂಪಿಸುವ ಮನೆ ಮಂಚಮ್ಮನ ಕಥೆ. ಊರಿನವರು ಗ್ರಾಮದೇವತೆಗೆ ಗುಡಿ ಕಟ್ಟುತ್ತಿದ್ದಾರೆ. ಕೆಲಸ ಛಾವಣಿಯ ಮಟ್ಟಕ್ಕೆ ಬಂದಾಗ ದೇವತೆ ಒಬ್ಬನ ಮೈಮೇಲೆ ಬಂದು ತಡೆಯುತ್ತಾಳೆ. ಊರಿನಲ್ಲಿ ಎಲ್ಲರಿಗೂ ಮನೆಯಿದೆಯೇ ಎಂದು ವಿಚಾರಿಸುತ್ತಾಳೆ. ಇಲ್ಲವೆಂಬ ಉತ್ತರ ಬಂದಾಗ, ಎಲ್ಲರಿಗೂ ಮನೆಯಾಗುವವರೆಗೆ ತನಗೂ ಬೇಡವೆನ್ನುತ್ತಾಳೆ. ಗುಡಿ ಛಾವಣಿಯಿಲ್ಲದೆ ಉಳಿಯುತ್ತದೆ. ಮಂಚಮ್ಮ ‘ಮನೆ ಮಂಚಮ್ಮ’ಳಾಗುತ್ತಾಳೆ. ಆ ಬಯಲು ಗರ್ಭಗುಡಿಯಲ್ಲಿ ಕಾರುಣ್ಯ ಹಾಗೂ ಸಮತೆಯ ಬುದ್ಧನನ್ನು ಇರಿಸಿ ಲೇಖಕರು ತಮ್ಮ ದೇವರನ್ನು ಕಂಡುಕೊಳ್ಳುತ್ತಾರೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ನಿರೂಪಣೆಯಲ್ಲಿ ಒಂದು ಕೊರತೆ ಕಾಣುತ್ತದೆ. ಊರು ಯಾವುದು, ಮೈದುಂಬಿದವನು ಯಾವ ಕೇರಿಯವನು, ಪೂಜೆಯ ಹಕ್ಕು ಯಾರದು, ಮನೆಯಿಲ್ಲದವರು ಯಾರು ಎಂಬ ವಿವರಗಳಿಲ್ಲ. ಮೈದುಂಬಿದ ಮಾತು ಯಾವಾಗಲೂ ಒಂದು ನಿರ್ದಿಷ್ಟ ಸಭೆಯ ಮುಂದೆ, ನಿರ್ದಿಷ್ಟ ಅಧಿಕಾರ ಸಂಬಂಧಗಳ ನಡುವೆ ಹೊರಡುವಂಥದು. ಆ ಸಂದರ್ಭದಿಂದ ಬಿಡಿಸಿದ ಕಥೆ ನೀತಿಕಥೆಯಾಗುವ ಅಪಾಯವಿದೆ. ಜಾತಿಯ ಪ್ರಶ್ನೆ ಸಾಮಾನ್ಯ ಮಾನವೀಯತೆಯಲ್ಲಿ ಕರಗಿಹೋಗಬಹುದು.

ಆದರೂ ಲೇಖಕರು ಐತಿಹ್ಯದ ಎರಡು ಮುಖ್ಯ ಲಕ್ಷಣಗಳನ್ನು ಬಿಟ್ಟುಕೊಟ್ಟಿಲ್ಲ. ಮೊದಲನೆಯದು ಸಾಕ್ಷ್ಯ. ಐತಿಹ್ಯವು ಕಲ್ಲನ್ನೋ ಕೆರೆಯನ್ನೋ ತೋರಿಸಿ ತನ್ನನ್ನು ಸ್ಥಾಪಿಸಿಕೊಳ್ಳುತ್ತದೆ. ಇಲ್ಲಿ ಆ ಗುರುತು ಮುಗಿಯದ ಗುಡಿ. ಎರಡನೆಯದು ಸಂವಾದ. ದೇವತೆ ಉಪದೇಶ ಮಾಡುವುದಿಲ್ಲ, ಕೇಳುತ್ತಾಳೆ. ತೀರ್ಪು ಊರಿನವರ ಉತ್ತರದಿಂದಲೇ ಹುಟ್ಟುತ್ತದೆ. ಕಥೆ ನೀತಿಬೋಧೆಯಾಗದೆ ಉಳಿದಿರುವುದು ಈ ಕಾರಣದಿಂದ.

ಇದೇ ಕ್ರಮ ಲೇಖಕರ ಇತರ ಬರಹಗಳಲ್ಲಿಯೂ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1990) ಪಡೆದ ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು ಸೇರಿ ಮಾತಾಡುತ್ತವೆ. ಆರಿಸಿದ ದೀಪಗಳು ಇರುಳಿನಲ್ಲಿ ಒಂದೆಡೆ ಕೂಡಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಆಶಯ ಕನ್ನಡ ಜನಪದ ಕಥೆಗಳಲ್ಲಿ ಬಳಕೆಯಲ್ಲಿದ್ದು, ಎ. ಕೆ. ರಾಮಾನುಜನ್ ಅವರ ಸಂಗ್ರಹದಲ್ಲಿಯೂ ದೊರೆಯುತ್ತದೆ. 2022ರ ಕಿರುಹೊತ್ತಿಗೆ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ದಲ್ಲಿ ರಾಜಕೀಯ ವಿಶ್ಲೇಷಣೆಗೂ ಏಳು ಸಮುದ್ರಗಳಾಚೆ ಪ್ರಾಣಪಕ್ಷಿಯನ್ನು ಅಡಗಿಸಿಟ್ಟ ಮಾಂತ್ರಿಕನ ಕಥೆ ಒದಗಿಬರುತ್ತದೆ. ಅದರ ರಾಜಕೀಯ ನಿಲುವನ್ನು ಒಪ್ಪುವ ಅಥವಾ ಬಿಡುವ ಪ್ರಶ್ನೆ ಬೇರೆ. ಕಾದಂಬರಿ, ಚಿಂತನೆ, ರಾಜಕೀಯ ಬರಹ ಮೂರರಲ್ಲಿಯೂ ಯೋಚನೆಯ ಕೀಲಿ ಜನಪದ ಆಶಯವೇ ಎಂಬುದು ಇಲ್ಲಿ ಮುಖ್ಯ.

ಮಂಚಮ್ಮನ ಪ್ರಶ್ನೆಯ ತೂಕವನ್ನು ತಿಳಿಯಲು ಮೈಸೂರಿನ ನೆರೆಯಲ್ಲಿಯೇ ನಡೆದ ಒಂದು ಘಟನೆಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬಹುದು. 1957ರ ಸೆಪ್ಟೆಂಬರಿನಲ್ಲಿ ಹುಣಸೂರು ರಸ್ತೆಯ ಇಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ವಿನೋಬಾ ಭಾವೆ, ಜವಾಹರಲಾಲ್ ನೆಹರೂ, ಇ. ಎಂ. ಎಸ್. ನಂಬೂದಿರಿಪಾಡ್ ಮುಂತಾದ ಭಿನ್ನ ಪಕ್ಷ, ಭಿನ್ನ ನಿಲುವಿನವರು ಅಲ್ಲಿ ಸೇರಿದ್ದರು. ಭೂಮಿಯ ಒಡೆತನವನ್ನು ಗ್ರಾಮಸಮುದಾಯಕ್ಕೆ ಒಪ್ಪಿಸುವಂತೆ ಉಳ್ಳವರ ಅಂತಃಕರಣಕ್ಕೆ ಕರೆ ಕೊಟ್ಟ ಚಳವಳಿಯದು. ಅಲ್ಲಿ ಕೊಡುವವರ ತ್ಯಾಗವು ಕೇಂದ್ರದಲ್ಲಿತ್ತು. ಮಂಚಮ್ಮನ ಕಥೆಯಲ್ಲಿ ಪಡೆಯಬೇಕಾದವಳ ನಿರಾಕರಣೆ ಕೇಂದ್ರದಲ್ಲಿದೆ. ದಾನವು ಕೊಟ್ಟವನಿಗೆ ಪುಣ್ಯ ತರುತ್ತದೆ. ನಿರಾಕರಣೆಯು ಕೊಡಲು ಬಂದವರ ಮುಂದೆ ಅವರ ಊರನ್ನೇ ತಂದು ನಿಲ್ಲಿಸುತ್ತದೆ. ಈ ಹೋಲಿಕೆ ಮಹಾದೇವರದಲ್ಲ. ಆದರೆ ಅವರ ಬರಹವು ದಯೆಯ ಭಾಷೆಯಿಂದ ಎಷ್ಟು ದೂರವಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಂತಃಕರಣವೊಂದೇ ಸಾಲದು ಎಂಬುದನ್ನು ಉಳುವವನಿಗೆ ಭೂಮಿಯ ಹಕ್ಕು ನೀಡಿದ 1974ರ ಭೂಸುಧಾರಣಾ ತಿದ್ದುಪಡಿ ತೋರಿಸಿಕೊಟ್ಟಿದೆ. ಮಂಚಮ್ಮನ ಕಥೆ ಕಾನೂನಿಗೆ ಪರ್ಯಾಯವಲ್ಲ. ಕಾನೂನು ಬಂದ ಮೇಲೂ ಉಳಿಯುವ ಪ್ರಶ್ನೆ.

ಈ ಕಥೆ ಹತ್ತನೆಯ ತರಗತಿಯ ಕನ್ನಡ ಪಠ್ಯವಾಗಿ ಮಕ್ಕಳನ್ನು ತಲುಪಿತ್ತು. 2022ರ ಪಠ್ಯಪರಿಷ್ಕರಣೆಯ ವಿವಾದದ ಸಂದರ್ಭದಲ್ಲಿ ಲೇಖಕರು ತಮ್ಮ ಪಾಠಕ್ಕೆ ನೀಡಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಅಚ್ಚಾದ ಬರಹಕ್ಕೆ ಒಡೆಯರಿದ್ದಾರೆ, ಅದನ್ನು ಹಿಂಪಡೆಯುವ ಹಕ್ಕು ಅವರಿಗಿದೆ. ಕಥೆಗೆ ಒಡೆಯರಿಲ್ಲ. ಊರಿನಿಂದ ಕವಿಗೆ, ಕವಿಯಿಂದ ಕಾದಂಬರಿಕಾರರಿಗೆ, ಅಲ್ಲಿಂದ ತರಗತಿಗೆ ಹರಿದುಬಂದ ಮಂಚಮ್ಮನ ಮಾತು, ಒಮ್ಮೆ ಕೇಳಿದ ಮಕ್ಕಳ ನೆನಪಿನಿಂದ ಮರಳುವಂಥದ್ದಲ್ಲ. ಮುಂದಿನ ಸಂಶೋಧನೆಯು ಈ ಕಥೆಯ ಪಾಠಾಂತರಗಳನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸಿ, ಅಚ್ಚಿನಲ್ಲಿ ಕಾಣೆಯಾದ ಕೇರಿಗಳನ್ನು ಮತ್ತೆ ಗುರುತಿಸಬೇಕಾಗಿದೆ.