ಕಾದಂಬರಿಯೂ ದಿಗ್ದರ್ಶಕನೂ: ಶಾಂತಿಗ್ರಾಮದ ಒಂದು ಶರದ್ಗೋಷ್ಠಿ

ಶರತ್ಕಾಲವು ಗೋಷ್ಠಿಗೆ ಒಪ್ಪುವ ಕಾಲ. ಮಳೆ ಹಿಂದೆಗೆದು, ಆಕಾಶ ತಿಳಿಯಾಗಿ, ಹೊಲದಲ್ಲಿ ರಾಗಿ ತೆನೆಗಟ್ಟುವ ಆ ದಿನಗಳಲ್ಲಿ ಮನಸ್ಸಿಗೂ ಸ್ವಲ್ಪ ಬಿಡುವು ದೊರೆಯುವುದು. 2025ನೆಯ ಇಸವಿಯ ವಿಜಯದಶಮಿಯ ಬೆನ್ನಿಗೆ ಬಂದ ಶನಿವಾರ, ಹಾಸನಕ್ಕೆ ಸಮೀಪದ ಶಾಂತಿಗ್ರಾಮದ ಒಂದು ಹಳೆಯ ಮನೆಯಲ್ಲಿ ನಾಲ್ವರು ಬಾಲ್ಯಮಿತ್ರರು ಕೂಡಿದರು. ಒಬ್ಬರು ವಕೀಲರು, ಒಬ್ಬರು ವೈದ್ಯರು, ಒಬ್ಬರು ಕಾಲೇಜಿನ ಅಧ್ಯಾಪಕರು. ನಾಲ್ಕನೆಯವರು ಚನ್ನರಾಯಪಟ್ಟಣದ ಕಡೆಯ ಕೃಷಿಕರು, ಎಸ್. ಎಲ್. ಭೈರಪ್ಪನವರ ಕಾದಂಬರಿಗಳನ್ನು ಪಾರಾಯಣದಂತೆ ಓದಿದವರು. ಭೈರಪ್ಪನವರು ಆ ತಾಲ್ಲೂಕಿನ ಸಂತೇಶಿವರದವರಷ್ಟೆ. ಅವರು ಸೆಪ್ಟೆಂಬರ್ 24ರಂದು ಕಾಲವಾಗಿ ಆಗ್ಗೆ ಹತ್ತೇ ದಿನಗಳಾಗಿದ್ದುವು. ಜಗಲಿಯ ಬೆಳದಿಂಗಳಲ್ಲಿ ಕೋಡುಬಳೆ ಕಾಫಿಗಳು ಬಂದುವು. ಮಾತು ಅವರ ಕೃತಿಗಳನ್ನು ತೆರೆಗೆ ತಂದ ದಿಗ್ದರ್ಶಕರ ಕಡೆಗೆ ತಿರುಗಿತು.

ಕೃಷಿಕರ ಮನಸ್ಸು ನೊಂದಿದ್ದಿತು. "ಬಾಡಿಗೆಗೆ ಬಂದವನು ಮನೆಯ ಗೋಡೆ ಒಡೆಯಬಹುದೇನಯ್ಯ? ಕಾದಂಬರಿಕಾರ ಕಟ್ಟಿದ್ದನ್ನು ದಿಗ್ದರ್ಶಕ ಯಾಕೆ ಕೆಡವಬೇಕು?" ಎಂದರು. ವಕೀಲರು ನಗುತ್ತ, "ಕ್ರಯಕ್ಕೆ ಕೊಂಡಿದ್ದರೆ ಒಡೆಯಬಹುದು ಕಣೋ. ಮೊದಲು ಪತ್ರ ತೋರಿಸು!" ಎಂದರು. ಎಲ್ಲರೂ ನಕ್ಕರು, ಕೃಷಿಕರು ಮಾತ್ರ ನಗಲಿಲ್ಲ. ಪ್ರಶ್ನೆಯು ಹಾಸ್ಯದಲ್ಲಿ ತೇಲಿಹೋಗುವಷ್ಟು ಹಗುರವಾದುದಲ್ಲ. ಕೃತಿಯನ್ನು ತೆರೆಗೆ ತರುವವನು ಅದರ ವ್ಯಾಖ್ಯಾನಕಾರನೊ, ಇಲ್ಲವೆ ತಾನೇ ಒಬ್ಬ ಕವಿಯೊ? ವ್ಯಾಖ್ಯಾನಕಾರನಾದರೆ ಮೂಲವನ್ನು ಮೀರಲಾಗದು. ಕವಿಯಾದರೆ ಮೀರದೆ ಗತಿಯಿಲ್ಲ.

ಇದನ್ನು ನಿರ್ಣಯಿಸಲು ಭೈರಪ್ಪನವರ ಮೂರು ಕಾದಂಬರಿಗಳ ಚಿತ್ರಗಳೇ ಸಾಕು. 1965ರ 'ವಂಶವೃಕ್ಷ'ವನ್ನು ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ 1971ರಲ್ಲಿ ಚಿತ್ರವಾಗಿಸಿದರು. ಶ್ರೇಷ್ಠ ದಿಗ್ದರ್ಶನದ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂದಿತು. ಪುಸ್ತಕದಲ್ಲಿ ಶ್ರೀನಿವಾಸ ಶ್ರೋತ್ರಿಗಳ ಧರ್ಮವಿಚಾರವು ಪುಟಗಟ್ಟಲೆ ಸಾಗುವುದು. ತೆರೆಯಲ್ಲಿ ಅಷ್ಟು ಮಾತಿಗೆ ಎಡೆಯಿಲ್ಲ. ವೆಂಕಟರಾವ್ ತಲಗೇರಿಯವರ ಮುಖವೂ ಮೌನವೂ ಆ ಭಾರವನ್ನು ಹೊತ್ತುವು, ಕಾತ್ಯಾಯನಿಯಾದ ಎಲ್. ವಿ. ಶಾರದಾ ಅವರ ಕಣ್ಣುಗಳು ಅದಕ್ಕೆ ಉತ್ತರ ಕೊಟ್ಟುವು. ಇಲ್ಲಿ ದಿಗ್ದರ್ಶಕರು ಮೂಲದ ಹಾದಿಯಲ್ಲಿಯೇ ನಡೆದು, ವಾಚ್ಯವಾದುದನ್ನು ಧ್ವನಿಯಾಗಿ ಮಾಡಿದರು.

1968ರ 'ತಬ್ಬಲಿಯು ನೀನಾದೆ ಮಗನೆ'ಯನ್ನೂ ಅವರಿಬ್ಬರೇ 1977ರಲ್ಲಿ ತೆಗೆದರು. ಹಿಂದಿಯಲ್ಲಿ ಅದು 'ಗೋಧೂಳಿ'. ಗೋವನ್ನು ತಾಯಿಯೆಂದು ನಂಬಿದ ಹಳ್ಳಿಗೂ ಅಮೆರಿಕೆಯಲ್ಲಿ ಕಲಿತು ಬಂದ ತರುಣನ ವಿಜ್ಞಾನಕ್ಕೂ ನಡುವಣ ಘರ್ಷಣೆಯೇ ಅದರ ವಸ್ತು. ಕಥೆಯೇನೋ ತೆರೆಗೆ ಬಂದಿತು. ಆದರೆ ವಾದವು ವಾದವಾಗಿಯೇ ಉಳಿದು ರಸವಾಗಿ ಕರಗಲಿಲ್ಲ. ಮೂಲದ ಕಥೆಯನ್ನು ಕಾಯ್ದುಕೊಂಡ ಮಾತ್ರಕ್ಕೆ ಚಿತ್ರ ಗೆಲ್ಲದೆಂಬುದಕ್ಕೆ ಇದು ನಿದರ್ಶನ.

ಕೃಷಿಕರ ನೋವಿಗೆ ಕಾರಣವಾದುದು ಮೂರನೆಯದು. ಗಿರೀಶ ಕಾಸರವಳ್ಳಿಯವರ 2006ರ 'ನಾಯಿ ನೆರಳು'. ಸತ್ತ ಮಗನೇ ಬೇರೆಡೆಯಲ್ಲಿ ಹುಟ್ಟಿದನೆಂದು ನಂಬಿದ ಮನೆಯವರು ಒಬ್ಬ ತರುಣನನ್ನು ಬರಮಾಡಿಕೊಳ್ಳುವರು. ವಿಧವೆಯಾದ ಸೊಸೆ ಅವನನ್ನು ಗಂಡನೆಂದು ಸ್ವೀಕರಿಸಬೇಕಾಗುವುದು. ಕಾದಂಬರಿಯಲ್ಲಿ ಪುನರ್ಜನ್ಮವೆಂಬ ತತ್ತ್ವಪ್ರಶ್ನೆಯೇ ಪ್ರಧಾನ. ಕಾಸರವಳ್ಳಿಯವರು ಕೇಂದ್ರವನ್ನು ಅಲ್ಲಿಂದ ಎತ್ತಿ ಸೊಸೆ ವೆಂಕುವಿನ ಎದೆಯೊಳಗೆ ಇಟ್ಟರು. ಅವನು ಗಂಡನೇ ಅಹುದೆ ಎಂಬುದಕ್ಕಿಂತಲೂ, ಅಹುದೆಂದು ಒಪ್ಪುವುದರಿಂದ ಅವಳಿಗೆ ದೊರೆಯುವ ಬಾಳೆಂತಹುದು ಎಂಬುದೇ ಅಲ್ಲಿ ಮುಖ್ಯವಾಯಿತು. ಪವಿತ್ರಾ ಲೋಕೇಶರ ಅಭಿನಯವು ಈ ಮಾರ್ಪಾಟಿಗೆ ಪ್ರಾಣವನ್ನು ತುಂಬಿತು.

ಇದು ಅಪಚಾರವೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ತರವುಂಟು. ಇತಿವೃತ್ತವು ರಸಕ್ಕೆ ಅನುಕೂಲವಲ್ಲದಿದ್ದರೆ ಕವಿಯು ಅದನ್ನು ಬಿಟ್ಟು ಬೇರೆ ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ಒಪ್ಪಿದ್ದಾನೆ. ಕಥೆಯನ್ನು ನಿರ್ವಹಿಸಿದ ಮಾತ್ರಕ್ಕೆ ಕವಿಯ ಕೆಲಸ ಮುಗಿಯದು. ವ್ಯಾಸರ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ, ದೂರ್ವಾಸರ ಶಾಪವಿಲ್ಲ. ಅವೆರಡನ್ನೂ ತಂದವನು ಕಾಳಿದಾಸ. ಭಾನುವಾರ ಬೆಳಗ್ಗೆ ಮಿತ್ರರು ದರ್ಶನಕ್ಕೆ ಹೋದುದು ಅದೇ ಊರಿನ ಭೋಗನರಸಿಂಹನ ಗುಡಿಗೆ. ಕಂಬವನ್ನೊಡೆದು ಬಂದ ಉಗ್ರನನ್ನೇ ಈ ಊರು ಭೋಗಮೂರ್ತಿಯೆಂದು ಪೂಜಿಸುವುದು. ಪುರಾಣವೊಂದೇ, ಭಾವ ಬೇರೆ. ಇದರಿಂದ ಪುರಾಣಕ್ಕೆ ಕುಂದಾಯಿತೆಂದು ಯಾರೂ ಹೇಳರು.

ಆದರೆ ಕೃಷಿಕರ ವಾದವನ್ನು ತಿರುಗಿಸಿದುದು ಶಾಸ್ತ್ರವೂ ಅಲ್ಲ, ಗುಡಿಯೂ ಅಲ್ಲ. ವೈದ್ಯರ ಒಂದು ಮಾತು. "ನಿನ್ನ ಭೈರಪ್ಪನವರು 'ಪರ್ವ'ದಲ್ಲಿ ಮಾಡಿದ್ದೇನಪ್ಪಾ?" ಎಂದು ಅವರು ಕೇಳಿದರು. 1979ರಲ್ಲಿ ಪ್ರಕಟವಾದ ಆ ಕೃತಿಯು ಮಹಾಭಾರತದಿಂದ ವರ, ಶಾಪ, ಪವಾಡಗಳನ್ನು ಕಳಚಿ, ಮನುಷ್ಯರನ್ನು ಮಾತ್ರ ಉಳಿಸಿಕೊಂಡಿದೆಯಷ್ಟೆ. ಅಲೌಕಿಕವನ್ನು ಹಿಂದೆ ಸರಿಸಿ ಮಾನುಷವನ್ನು ಮುಂದೆ ನಿಲ್ಲಿಸುವುದು ಭೈರಪ್ಪನವರು ವ್ಯಾಸರ ವಿಷಯದಲ್ಲಿ ನಡೆಸಿದ ಕ್ರಮ. ಕಾಸರವಳ್ಳಿಯವರು ಭೈರಪ್ಪನವರ ವಿಷಯದಲ್ಲಿ ನಡೆಸಿದುದೂ ಅದೇ. ವ್ಯಾಸರು ಸಹಿಸಿಕೊಂಡುದನ್ನು ವ್ಯಾಸರ ವಾರಸುದಾರರು ಸಹಿಸಲಾರರೆ? ಕೃಷಿಕರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ತಾವೂ ನಕ್ಕರು.

ಹಾಗೆಂದು ದಿಗ್ದರ್ಶಕನಿಗೆ ಅಂಕುಶವೇ ಬೇಡವೆಂದಲ್ಲ. 'ನಾಯಿ ನೆರಳು' ಚಿತ್ರದಲ್ಲಿ ಕಳೆದುಹೋದುದೂ ಉಂಟು. ಜನ್ಮಾಂತರವೆಂಬುದು ನಿಜವೇ ಆಗಿದ್ದರೆ ಏನೆಂಬ ಭಯವು ಓದುಗನನ್ನು ಕಾಡುವಂತೆ ನೋಡುಗನನ್ನು ಕಾಡದು. ಅದು ಸಣ್ಣ ನಷ್ಟವಲ್ಲ. ಕೃಷಿಕರು ದುಃಖಿಸಿದುದು ಅದಕ್ಕಾಗಿ, ಮತ್ತು ಅಷ್ಟರಮಟ್ಟಿಗೆ ಅವರ ಪಕ್ಷವು ನ್ಯಾಯವಾದುದು. ಮೂಲದಿಂದ ಏನನ್ನು ತೆಗೆದರೆಂದು ಮಾತ್ರ ಲೆಕ್ಕ ಹಾಕದೆ, ತೆಗೆದುದಕ್ಕೆ ಸಮನಾದುದನ್ನು ಕೊಟ್ಟರೆ ಎಂದು ಕೇಳುವುದೇ ಸರಿಯಾದ ಪರೀಕ್ಷೆ. ಹಣದ ಆಸೆಯಿಂದ ಮಾಡಿದ ಮಾರ್ಪಾಟು ಈ ಪರೀಕ್ಷೆಯಲ್ಲಿ ನಿಲ್ಲದು. ವೆಂಕುವಿನ ಮುಖ ನಿಲ್ಲುವುದು.

ಭಾನುವಾರ ಸಂಜೆ ಬಸ್ಸಿಗೆ ಹೊರಡುವಾಗ ಕೃಷಿಕರು ಆ ಚಿತ್ರವನ್ನು ಮತ್ತೊಮ್ಮೆ ನೋಡುವುದಾಗಿ ಒಪ್ಪಿದರು; ಉಳಿದ ಮೂವರು ಕಾದಂಬರಿಯನ್ನು ಮತ್ತೊಮ್ಮೆ ಓದಬೇಕೆಂಬ ಕರಾರಿನ ಮೇಲೆ. ಮೂಲಕ್ಕೂ ಚಿತ್ರಕ್ಕೂ ಏಕಕಾಲದಲ್ಲಿ ಸಲ್ಲಬಹುದಾದ ಗೌರವ ಇದಕ್ಕಿಂತ ಬೇರೊಂದಿಲ್ಲ.